ಚಿಕ್ಕಂದಿನಿಂದ ನೋಡಿದವರು

ಗಂಡಸಿ
೧೨ ನವೆಂಬರ್ ೨೦೦೬

ಪ್ರೀತಿಯ ದ್ರಾಕ್ಷಾಯಣಿಗೆ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡಬೇಕಂತೆ. ನಾನು ಕ್ಷೇಮವಾಗಿಲ್ಲ. ನೀನು ಹೇಗಿದ್ದೀಯೋ ಗೊತ್ತಿಲ್ಲ. ಮಾದಿಹಳ್ಳಿಗೆ ಫೋನ್ ಮಾಡಿದರೆ ನಿಮ್ಮಣ್ಣ ಎತ್ತುತ್ತಾನೆ, ಅದಕ್ಕೇ ಈ ಕಾಗದ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಬರವಣಿಗೆ, ಸಹಿಸಿಕೊಂಡು ಓದು.

ಮಾವನ ಮಣ್ಣಿನ ದಿನದ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಮದುವೆಯಾದ ಹೊಸದರಲ್ಲಿ ನಾನು ಯಾರ ಮನೆಗೆ ಹೋದರೂ ಸುಮ್ಮನೆ ಎದ್ದು ಬಂದುಬಿಡುತ್ತಿದ್ದೆ. ನೀನು ತಿದ್ದಿದೆ. "ಅಂಗೆ ಎದ್ದು ಬರಬಾರ್ದು ಕಣ್ ಬಾವ. ಒಬ್ಬೊಬ್ರ ಮುಖ ನೋಡಿ ಬತ್ತೀನಿ ಅನ್ಬೇಕು" ಎಂದೆ. ಕಲಿತೆ. ಆಮೇಲೆ ಎಲ್ಲಿಯೂ ತಪ್ಪಿಸಲಿಲ್ಲ. ಸಾವಿನ ಮನೆಯಿಂದ ಮಾತ್ರ ಹೇಳದೆಯೇ ಹೊರಡಬೇಕು, ಹೇಳಿದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದಂತಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇಂಥದ್ದೆಲ್ಲ ಎಲ್ಲರಿಗೂ ತಾನಾಗಿ ಗೊತ್ತಿರುತ್ತದಂತೆ. ಮಾವನನ್ನು ಮಣ್ಣು ಮಾಡಿ ಬಂದು, ದೀಪ ನೋಡಿ, ಅತ್ತೆಯಿಂದ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತು ಬರ್ತೀನಿ ಎಂದೆ. ನಿಮ್ಮ ದೊಡ್ಡಪ್ಪ ಚನ್ನಬಸವಯ್ಯನವರಿಗೆ ಕಿವಿ ಮಂದವೆಂದು ಎರಡು ಸಲ ಹೇಳಿದೆ. "ಯಾರ ಸಾವಿಗ್ಲಾ ಬತ್ತೀಯ, ನಂದಕ್ಕಾ?" ಎಂದರು. ಕೇಳುತ್ತಿದ್ದಾರಲ್ಲ ಎಂದು ಯೋಚಿಸಿ, "ಹೂಂ, ನಿಮ್ದಕ್ಕೂ ಬತ್ತೀನಿ" ಎಂದೆ.

ನಿಮ್ಮಣ್ಣ ನನ್ನ ಕೊರಳಪಟ್ಟಿ ಹಿಡಿದ. ನೀನು ನನ್ನ ಕಡೆ ನೋಡಲಿಲ್ಲ. ಆವತ್ತಿನಿಂದ ನೀನು ಅಲ್ಲಿ, ನಾನು ಇಲ್ಲಿ.

ನಾಲ್ಕು ಜನ ಹಿರಿಯರ ಮುಂದೆ ಬಂದು, ಬೇಕಂತಲೇ ಅಂದೆ, ತಪ್ಪಾಯಿತು ಎಂದು ಒಪ್ಪಿಕೊಂಡರೆ ನಿಮ್ಮಣ್ಣ ನಿನ್ನನ್ನು ಕಳಿಸುತ್ತಾನಂತೆ. ತಪ್ಪಾಯಿತು ಎನ್ನುತ್ತೇನೆ. ಬೇಕಂತಲೇ ಎನ್ನುವುದಿಲ್ಲ. ಶಾಲೆ ಬಿಟ್ಟು, ಗ್ಯಾರೇಜು ಬಿಟ್ಟು, ಕೊಬ್ಬರಿ ಮಂಡಿ ಬಿಟ್ಟು ಅಲೆಯುತ್ತಿದ್ದವನನ್ನು ಮೋಟಾರ್ ವೈಂಡಿಂಗ್ ಕೆಲಸಕ್ಕೆ ಹಚ್ಚಿ, ಮಗಳನ್ನೂ ಕೊಟ್ಟವರು ಮಾವ. ಅವರ ಸಾವಿನ ಮನೆಯಲ್ಲಿ ನಾನು ಕುಹಕವಾಡಿದೆ ಎಂದು ಹೇಗೆ ಒಪ್ಪಿಕೊಳ್ಳಲಿ?

ಈಗ ನಿಜವಾದ ವಿಷಯ. ಪಕ್ಕದ ಮನೆ ನಟರಾಜನ ಮಗನಿಗೆ ನಾಲ್ಕು ತುಂಬಿದರೂ ಮಾತು ಬಂದಿಲ್ಲವಲ್ಲ, ಅವನನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋದೆವು. ಆ ಮಗು ನನ್ನ ಹತ್ತಿರ ಅಳದೆ ಇರುತ್ತದೆ, ಅದಕ್ಕೇ ನಾನೂ ಅರಸೀಕೆರೆಯಲ್ಲಿ ರೈಲು ಹತ್ತಿದ್ದು. ಡಾಕ್ಟರಮ್ಮ ಒಂದೊಂದೇ ಕೇಳುತ್ತಾ ಹೋದರು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾನಾ? ಅನ್ನಕ್ಕೆ ಪಲ್ಯ ತಾಗಿದರೆ ಊಟ ಬಿಡುತ್ತಾನಾ? ದಿನಾ ಹೋಗುವ ದಾರಿ ಬದಲಾದರೆ ರಂಪ ಮಾಡುತ್ತಾನಾ? ನಟರಾಜ ತಡವರಿಸುತ್ತಿದ್ದ. ನಾನು ಎಲ್ಲದಕ್ಕೂ ಹೌದು, ಹೌದು ಎಂದುಬಿಟ್ಟೆ, ನನ್ನ ಬಗ್ಗೆ.

"ಲೇ, ನನ್ ಮಗನ್ನ ತೋರ್ಸಕ್ಕೆ ಬಂದಿರೋದು ಕಣ್ಲಾ, ನಿನ್ನಲ್ಲ" ಎಂದ ನಟರಾಜ.

ಡಾಕ್ಟರಮ್ಮ ನಗಲಿಲ್ಲ. ಮಗುವಿಗಿರುವುದು ಆಟಿಸಂ ಎಂದರು. ಅದು ಹುಚ್ಚಲ್ಲ, ಹುಟ್ಟಿನಿಂದಲೇ ಮನಸ್ಸಿನ ಕಟ್ಟೋಣ ಬೇರೆ, ದೊಡ್ಡವರಲ್ಲೂ ಯಾರಿಗೂ ಗೊತ್ತಾಗದೆ ಉಳಿದುಬಿಟ್ಟಿರುತ್ತದೆ ಎಂದರು. ನನಗೂ ಅದೇನಾ ಎಂದು ಕೇಳಿದೆ. ನಿಂತ ನಿಲುವಿನಲ್ಲಿ ಹೇಳಲಾಗದು, ಬೇಕೆನಿಸಿದರೆ ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ, ಚಿಕ್ಕಂದಿನಿಂದ ನಿಮ್ಮನ್ನು ನೋಡಿದವರನ್ನು ಜೊತೆಗೆ ಕರೆತನ್ನಿ ಎಂದರು.

ಬಂದಾಗಿನಿಂದ ಅದೇ ಯೋಚನೆ. ಮೊನ್ನೆ ಒಂದು ಮೋಟಾರಿಗೆ ತಂತಿಯನ್ನು ತಪ್ಪಾಗಿ ಸುತ್ತಿ ಪೂರ್ತಿ ಬಿಚ್ಚಬೇಕಾಯಿತು. ನನಗೂ ಅದೇ ಇದೆ ಎಂದುಬಿಟ್ಟರೆ, ತಲೆ ಸರಿಯಿಲ್ಲದವನಿಗೆ ತಂಗಿಯನ್ನು ಕೊಟ್ಟೆವು ಎಂದು ನಿಮ್ಮಣ್ಣ ಊರಿಗೆಲ್ಲ ಸಾರಿ ಸಂಬಂಧ ಹರಿದುಬಿಡುತ್ತಾನೆ. ಇದು ಸಣ್ಣ ಭಯ. ದೊಡ್ಡದು ಬೇರೆ ಇದೆ. ಏನೂ ಇಲ್ಲ ಎಂದರೆ? ಆಗ ಮಾವನ ಮನೆಯಲ್ಲಿ ಆಡಿದ ಮಾತು, ನೀನು ಅಳುತ್ತಿದ್ದಾಗ ನಾನು ಎದ್ದು ಪಂಪ್‌ಹೌಸಿಗೆ ಹೋಗಿ ಕೂತದ್ದು, ಎಲ್ಲವೂ ಬರೀ ನನ್ನ ಕೆಟ್ಟತನ ಎಂದಾಗುತ್ತದೆ.

ಇದೆ ಎಂದರೂ ನಾನು ಬದಲಾಗುವುದಿಲ್ಲ. ಅದನ್ನೂ ಕೇಳಿಕೊಂಡು ಬಂದಿದ್ದೇನೆ, ಮಾತ್ರೆ ಇಲ್ಲವಂತೆ. ಆದರೆ ನನಗೆ ಯಾವುದನ್ನೆಲ್ಲ ಬಿಡಿಸಿ ಹೇಳಬೇಕೆಂದು ನಿನಗೆ ತಿಳಿಯುತ್ತದೆ. ಕೇಳುವುದಕ್ಕೆ ನನಗೂ ನಾಚಿಕೆ ಆಗುವುದಿಲ್ಲ.

ಹೋಗುವುದೆಂದು ತೀರ್ಮಾನ ಮಾಡಿದ್ದೇನೆ. ಯಾರು ಬರಲಿ ಬಿಡಲಿ, ಹೋಗಿಯೇ ಹೋಗುತ್ತೇನೆ. ಅವ್ವ ಇಲ್ಲ. ಅಪ್ಪನನ್ನು ಕೇಳಿದರೆ, "ನನ್ ಮಗಂಗೆ ಏನಾಗೈತೆ? ಯಾವ ಡಾಕ್ಟ್ರೂ ಬ್ಯಾಡ" ಎಂದು ಟವೆಲು ಕೊಡವಿಕೊಂಡು ಎದ್ದು ಹೋದರು. ಉಳಿದವಳು ನೀನು. ಹೆಂಡತಿಯಾಗುವ ಮೊದಲೇ ನೀನು ನನ್ನ ಮಾವನ ಮಗಳು. ಬೇಸಿಗೆ ರಜೆಗೆ ನಿಮ್ಮೂರಿಗೆ ಬಂದರೆ, ಹುಡುಗರೆಲ್ಲ ಕೆರೆ ಕಡೆ ಓಡಿದರೂ ನಾನೊಬ್ಬನೇ ಜಗಲಿಯ ಮೇಲೆ ಹುಣಸೆಬೀಜ ಜೋಡಿಸುತ್ತಾ ಕೂರುತ್ತಿದ್ದುದನ್ನು ನೋಡಿದವಳು. ಸಾಲು ಕೆಡಿಸಿದ್ದಕ್ಕೆ ನಾನು ಕಚ್ಚಿದ ಗುರುತು ಈಗಲೂ ನಿನ್ನ ಮುಂಗೈ ಮೇಲಿದೆ.

ಮನೆಗೆ ವಾಪಸ್ ಬಾ ಎಂದು ಕೇಳುತ್ತಿಲ್ಲ. ಒಂದು ದಿನದ ಮಟ್ಟಿಗೆ ಸಾಕ್ಷಿಯಾಗಿ ಬಾ. ಡಾಕ್ಟರಮ್ಮ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳು. ನನಗೆ ನೋವಾಗುತ್ತದೆಂದು ಏನನ್ನೂ ಬಿಡಬೇಡ. ನಿಮ್ಮಣ್ಣನಿಗೆ ಹೆದರಿ ಏನನ್ನೂ ಸೇರಿಸಬೇಡ.

ಇಂತಿ ನಿನ್ನ ಬಾವ,
ಶರತ್ಚಂದ್ರ

ವಿ.ಸೂ.: ಅಂಟು ಹಾಕುವ ಮೊದಲು ಇನ್ನೊಮ್ಮೆ ಓದಿದೆ. ಯಾರು ಬರಲಿ ಬಿಡಲಿ ಹೋಗಿಯೇ ಹೋಗುತ್ತೇನೆ ಎಂದು ಬರೆದದ್ದು ಸುಳ್ಳು. ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿದ್ದೆ. ಅತ್ತ ಕಡೆಯವರು ಹಲೋ ಎಂದ ಕೂಡಲೇ ಇಟ್ಟುಬಿಟ್ಟೆ. ನೀನು ಬರದಿದ್ದರೆ ನಾನು ಹೋಗುವುದಿಲ್ಲ. ಅವರು ಏನೇ ಹೇಳಲಿ, ಹೊರಗೆ ಬಂದ ಮೇಲೆ ಅದನ್ನು ಹೇಳಿಕೊಳ್ಳಲು ನೀನಿಲ್ಲದಿದ್ದರೆ, ತಿಳಿದುಕೊಂಡು ನಾನೇನು ಮಾಡಲಿ?