ಎರಡು ಬಿಲ್ಲೆಗಳ ನಡುವಿನ ಅಂತರ

...ಇಲ್ಲ, ಹಾಗೆ ಶುರು ಮಾಡಿದ್ರೆ ಬರೀ ಬೈಗುಳ ಆಗುತ್ತೆ. ಕ್ಷಮಿಸಿ, ಮತ್ತೆ ಮೊದಲಿಂದ ಹೇಳ್ತೀನಿ, ಇದು ಮೂರನೇ ಸಲ. ತಂಗಿಯ ವಾರ್ಡಿನ ಹೊರಗೆ ಕೂತು ಫೋನಿನಲ್ಲಿ ರೆಕಾರ್ಡ್ ಮಾಡ್ತಿದ್ದೀನಿ. ತಂಗಿಯ ಮಗಳು ಟೈಪ್ ಮಾಡಿ ಪತ್ರಿಕೆಗೆ ಕಳಿಸ್ತಾಳೆ.

ಪ್ರಯೋಗಾಲಯಗಳ ಮಾನ್ಯ ನಿರ್ದೇಶಕರೇ, ನಿಮ್ಮ ಸುತ್ತೋಲೆ ನನ್ನ ತಂಗಿಯ ಕಾಲು ತಿಂತಿದೆ.

ಇಪ್ಪತ್ತಾರು ವರ್ಷದಿಂದ ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೀವು ಪರೀಕ್ಷೆ ಮಾಡೋನು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಮೇಲೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನ ಇಟ್ಟು, ಮಾರನೇ ದಿನ ನೋಡ್ತೀವಿ. ಬಿಲ್ಲೆ ಸುತ್ತ ಬ್ಯಾಕ್ಟೀರಿಯಾ ಸತ್ತು ಖಾಲಿ ವೃತ್ತ ಬಿದ್ದಿದ್ರೆ ಆ ಔಷಧಿ ನಾಟುತ್ತೆ ಅಂತ ಅರ್ಥ. ಎರಿಥ್ರೋಮೈಸಿನ್, ಕ್ಲಿಂಡಾಮೈಸಿನ್ ಬಿಲ್ಲೆಗಳನ್ನ ಯಾವಾಗಲೂ ಅಕ್ಕಪಕ್ಕ ಇಡ್ತಿದ್ವಿ. ತಪಾಸಣೆಗೆ ಬಂದ ನೀವು, "ಏನ್ರೀ ಇದು, ಇವೆರಡು ಯಾಕೆ ಹೀಗೆ ಅಂಟ್ಕೊಂಡು ಕೂತಿವೆ? ತಟ್ಟೆ ಫೋಟೋದಲ್ಲಿ ನೀಟಾಗಿ ಕಾಣ್ಬೇಕಲ್ರೀ" ಅಂದ್ರಿ. ವಾರದೊಳಗೆ ಸುತ್ತೋಲೆ ಬಂತು, ಯಾವ ಬಿಲ್ಲೆ ಎಲ್ಲಿಡಬೇಕು ಅನ್ನೋ ನಿಮ್ಮ ನಕ್ಷೆ ಸಮೇತ. ಅವೆರಡೂ ಎದುರುಬದುರು ಅಂಚಿಗೆ ಹೋದವು. ತಟ್ಟೆ ಎಷ್ಟು ಅಂದವಾಯ್ತು ಅಂದ್ರೆ, ಅದರ ಫೋಟೋ ನಿಮ್ಮ ಕಚೇರಿಯ ಗೋಡೆ ಏರಿತು.

ಅಕ್ಕಪಕ್ಕ ಯಾಕೆ ಇಡ್ತಿದ್ವಿ ಅಂತ ಒಂದು ಮಾತು ಕೇಳಬಹುದಿತ್ತಲ್ವಾ? ಕೆಲವು ಬ್ಯಾಕ್ಟೀರಿಯಾಗಳ ಹತ್ರ ಈ ಎರಡೂ ಔಷಧಿಯಿಂದ ಪಾರಾಗೋ ಜೀನ್ ಇರುತ್ತೆ, ಆದ್ರೆ ಅದಕ್ಕೆ ಬೀಗ ಹಾಕಿಟ್ಟಿರ್ತವೆ. ಎರಿಥ್ರೋಮೈಸಿನ್ ಸೋಕಿದ್ರೆ ಮಾತ್ರ ತೆಗೀತವೆ. ನಿಮ್ಮ ಕಚೇರಿಯ ಥರಾನೇ, ಮೇಲಿನವರು ಬಂದ ದಿನ ಮಾತ್ರ. ಪಕ್ಕದಲ್ಲಿಟ್ರೆ ಕ್ಲಿಂಡಾಮೈಸಿನ್ ವೃತ್ತ ಎರಿಥ್ರೋಮೈಸಿನ್ ಕಡೆಯ ಮಗ್ಗುಲಲ್ಲಿ ಚಪ್ಪಟೆಯಾಗಿ ಗುಟ್ಟು ರಟ್ಟಾಗುತ್ತೆ. ದೂರ ಇಟ್ರೆ ವೃತ್ತ ದುಂಡಗೆ ನಿಂತು ಸುಳ್ಳು ಹೇಳುತ್ತೆ. ಆ ಸುಳ್ಳು ನಂಬಿ ಕ್ಲಿಂಡಾಮೈಸಿನ್ ಕೊಟ್ರಾ, ಕೋಟಿಯಲ್ಲಿ ಒಂದೆರಡಕ್ಕೆ ಬೀಗವೇ ಕೆಟ್ಟಿರುತ್ತೆ, ಜೀನ್ ಸದಾ ಕೆಲಸ ಮಾಡ್ತಿರುತ್ತೆ. ಮಿಕ್ಕವು ಸಾಯ್ತವೆ. ಗಾಯ ಪೂರ್ತಿ ಇವುಗಳ ಪಾಲು.

ತಂಗಿ ದರ್ಜಿ. ಹೊಲಿಗೆ ಮೆಷಿನ್ನಿನ ಪೆಡಲಿಗೆ ಕಾಲ್ಬೆರಳು ತರಚಿ ಕೀವಾಯ್ತು. ತಟ್ಟೆ ಇಟ್ಟೋನು ನಾನೇ, ನಿಮ್ಮ ನಕ್ಷೆ ಪ್ರಕಾರ. ದುಂಡಗಿನ ವೃತ್ತ ನೋಡಿ, ಕ್ಲಿಂಡಾಮೈಸಿನ್ ನಾಟುತ್ತೆ ಅಂತ ಸಹಿ ಹಾಕಿದೋನೂ ನಾನೇ. ನಾಲ್ಕು ದಿನ ಊತ ಇಳೀತು. ಆಮೇಲೆ ಪಾದ ಕಪ್ಪಾಯ್ತು. "ನೀನೇ ನೋಡಿದ್ಯಲ್ಲಣ್ಣ, ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡು" ಅಂತಾಳೆ. ಉಗಿದಿದ್ರೂ ತಡ್ಕೋತಿದ್ದೆ. ನಿನ್ನೆ ನಿಮ್ಮ ನಕ್ಷೆ ಹರಿದು, ಮೊದಲ ಕೀವಿಂದ ತೆಗೆದಿಟ್ಟಿದ್ದ ಬ್ಯಾಕ್ಟೀರಿಯಾದ ಮೇಲೆ ಎರಡು ಬಿಲ್ಲೆಗಳನ್ನೂ ಪಕ್ಕದಲ್ಲಿಟ್ಟೆ. ಇವತ್ತು ನೋಡಿದ್ರೆ ವೃತ್ತದ ಒಂದು ಮಗ್ಗುಲು ಕತ್ತರಿಸಿ ತೆಗೆದ ಹಾಗಿದೆ.

ಆ ಸುತ್ತೋಲೆಯನ್ನ ಇವತ್ತೇ ವಾಪಸ್ ತಗೊಳ್ಳಿ. ನಕ್ಷೆ ಬಂದ ಮೇಲೆ ಹೊರಗೆ ಹೋದ ವರದಿಗಳನ್ನೆಲ್ಲ ಮತ್ತೆ ನೋಡಿಸಿ. ಗೋಡೆಯ ಫೋಟೋ ಇರ್ಲಿ. ಅದರ ಪಕ್ಕ ತಂಗಿಯ ಕಾಲಿನ ಫೋಟೋನೂ ತೂಗುಹಾಕಿ, ನೀಟಾಗಿ.

ಇಂತಿ, ನಿಮ್ಮ ನಕ್ಷೆಯನ್ನ ಒಂದು ಮಿಲಿಮೀಟರೂ ತಪ್ಪದೆ ಪಾಲಿಸಿದ... ತಡೀರಿ, ತಂಗಿಯ ಮಗಳು ಕೂಗ್ತಿದ್ದಾಳೆ.

"ಮಾವ, ಡಾಕ್ಟ್ರು ಬಂದಿದ್ದಾರೆ. ಮಂಡಿಯಿಂದ ಕೆಳಗೆ ತೆಗೀತಾರಂತೆ. ಮನೆಯೋರ ಸಹಿ ಬೇಕಂತೆ."

ಬಂದೆ ಕಣಮ್ಮ. ಸಹಿ ತಾನೇ, ನನಗೆ ರೂಢಿ ಇದೆ.

ಇಡ್ತೀನಿ, ಸ್ವಾಮಿ.