ಆರ್ಲೀಸ್ ಉಳಿಸಿಕೊಂಡ ಚುಕ್ಕೆ

ಫೆಬ್ರವರಿ ೧೧, ಮಂಗಳವಾರ. ಡುಲುತ್.

ಆರ್ಲೀಸ್ ಇಂದು ನನ್ನ ಕೆಲಸ ಕೆಡಿಸಿದರು. ಸಿಟ್ಟು ಮಾತ್ರ ಬರುತ್ತಿಲ್ಲ.

ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದ ಅಜ್ಜಿ. ಈಗ ಕೆಮ್ಮಿದರೂ ಮೂತ್ರ ಸೋರುತ್ತದೆ. ಅದನ್ನು ಹಿಡಿದಿಡುವ ನರಕ್ಕೆ ಸಣ್ಣಗೆ ಕರೆಂಟು ಕೊಟ್ಟು, ಮಿದುಳಿನ ಉತ್ತರವನ್ನು ತಲೆಗೆ ಅಂಟಿಸಿದ ತಂತಿಗಳಿಂದ ಗೆರೆಯಾಗಿ ದಾಖಲಿಸುವವಳು ನಾನು. ವಾರ ಬಿಟ್ಟು ಮತ್ತೆ ಮಾಡಿದರೂ ಅದೇ ಉತ್ತರ ಬಂದರಷ್ಟೇ ಈ ಪರೀಕ್ಷೆಯನ್ನು ನಂಬಬಹುದು.

ಇಂದು ಎರಡೂ ವಾರದ ಗೆರೆಗಳು ಒಂದರ ಮೇಲೊಂದು ಕೂತವು. ನಾನು ಕುಣಿಯುವುದೊಂದು ಬಾಕಿ.

ತಂತಿ ಬಿಚ್ಚುವಾಗ ಕೇಳಿದರು, “ಹೋದ ವಾರ ನೀನಿಟ್ಟ ಪೆನ್ಸಿಲ್ ಚುಕ್ಕೆ ಸಿಕ್ತಾ? ಅದು ಅಳಿಸಿಹೋಗ್ಬಾರ್ದು ಅಂತ ತಲೆಗೆ ನೀರೇ ಹಾಕಿಲ್ಲ ಕಣೇ. ಚರ್ಚಿಗೂ ಟೋಪಿ ಹಾಕ್ಕೊಂಡೇ ಹೋದೆ.”

ತಂತಿ ಅಂಟಿಸುವ ಜಾಗ ಗುರುತಿಸಲು ತಲೆಗೆ ಅಳತೆ ಟೇಪು ಹಿಡಿದಿದ್ದಾಗ ಆ ಮಸುಕು ಚುಕ್ಕೆ ಕಂಡು ನನ್ನ ಕೈ ತಾನಾಗಿ ಅಲ್ಲಿಗೇ ಹೋಗಿತ್ತು.

“ಅಯ್ಯೋ, ಪ್ರತಿ ಸಲ ಹೊಸದಾಗೇ ಅಳತೆ ಮಾಡ್ಬೇಕು. ಇದು ಕಾಪಿ ಹೊಡೆದ ಹಾಗಾಯ್ತಲ್ಲ!”

“ಮೊದಲೇ ಹೇಳೋಕೇನಾಗಿತ್ತು ನಿಂಗೆ? ವಾರವಿಡೀ ತುರಿಕೆ ತಡ್ಕೊಂಡಿದೀನಿ!”

ಗೆರೆಯ ಪಕ್ಕದಲ್ಲಿ ‘ಪರಿಗಣಿಸಬೇಡಿ’ ಎಂದು ಬರೆದೆ. ಆಮೇಲೆ ಸಿಂಕಿನ ಬಳಿ ಕೂರಿಸಿ ಬಿಸಿನೀರಲ್ಲಿ ಅವರ ತಲೆ ತೊಳೆದೆ. ಬೆಳ್ಳಗಿನ, ಮಗುವಿನಂಥ ಕೂದಲು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಅವರಿಗೆ ಸೋರಿತು.

ಮೊದಲ ದಿನ ಈ ಸೋರುವ ಮಾತು ಹೇಳಲು ಅವರಿಗೆ ಅರ್ಧ ಗಂಟೆ ಹಿಡಿದಿತ್ತು, ಅದೂ ಗೋಡೆ ನೋಡಿಕೊಂಡು. ಇಂದು ಟವೆಲಿನೊಳಗಿಂದಲೇ ಅಂದರು, “ಇದನ್ನ ಬರ್ಕೋ. ಇದು ಪ್ರತಿ ಸಲ ಒಂದೇ ಥರ ಬರತ್ತೆ.”