ನೀಲವ್ವನಿಗೆ ನೀನು ತಂದ ಖರ್ಜೂರ

ಅಣ್ಣಾ,

ನಿನ್ನನ್ನು ಹೊಗಳುವವರ ವಿಷಯ ನಿನ್ನೆಯ ಕಾಗದದಲ್ಲಿ ಅರ್ಧಕ್ಕೇ ನಿಂತಿತ್ತಲ್ಲ, ಅದನ್ನು ಮುಗಿಸಿಬಿಡುತ್ತೇನೆ. ಸತ್ತು ವರ್ಷ ತುಂಬುವಷ್ಟರಲ್ಲಿ ನೀನು ಬದುಕಿದ್ದಾಗಿನದಕ್ಕಿಂತ ಒಂದು ಮೊಳ ಎತ್ತರವಾಗಿದ್ದೀ. ನಾಳೆ ಕಮಲಾಪುರದಲ್ಲಿ ನಿನ್ನ ಪುಣ್ಯಸ್ಮರಣೆ. ನಿನ್ನ ಮಗ ಶಿವು ಫೋನು ಮಾಡಿದ್ದ. "ಕಾಕಾ, ನೀವು ನಾಕ್ ಮಾತು ಆಡಬೇಕ್ರಿ. ಅಪ್ಪನ ಬಗ್ಗೆ ನಿಮಗಿಂತ ಛಲೋ ಯಾರಿಗಿ ಗೊತ್ತದ?" ಯಾರಿಗೂ ಗೊತ್ತಿಲ್ಲ, ಅದು ಖರೆ. ಫ್ಲೆಕ್ಸಿನ ಮೇಲೆ ಸೆಲ್ಫ್ ಮೇಡ್ ಮ್ಯಾನ್ ಎಂದು ಹಾಕಿಸಿದ್ದಾನಂತೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಅರ್ಧ ಮರೆತಿರಬಹುದು, ಸೆಲ್ಫ್ ಅಂದರೆ ಏನೆಂದು ನೆನಪಿದೆ. ನಿನ್ನನ್ನು ಮಾಡಿದ್ದು ಹೆಂಗಸರ ಕೈ. ಅದರಲ್ಲೂ ನನ್ನ ಹೆಂಡತಿ ನೀಲಮ್ಮನ ಕೈ.

ನಿನ್ನ ಮೊದಲ ಬುಟ್ಟಿ ಇನ್ನೂ ಕಣ್ಣಿಗೆ ಕಟ್ಟಿದೆ. ನೀಲಮ್ಮ ಬಡಿದು, ಬೇಯಿಸಿ, ಒಣಗಿಸಿದ ಜೋಳದ ಕಟಕ ರೊಟ್ಟಿ, ಮೇಲೆ ಬಿಳಿ ಧೋತರದ ತುಂಡು. ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಒಂದು ಖಾನಾವಳಿಯ ಮುಂದೆ ನಿಂತೆವು. ಮಾಲಕ ನಕ್ಕ. "ಕಲಬುರಗ್ಯಾಗ ರೊಟ್ಟಿ ಬಡಿಯೋರು ಸತ್ತಾರಂತ ಕಮಲಾಪುರದಿಂದ ತಂದೀ ಏನಪಾ?" ನೀನು ಒಂದು ರೊಟ್ಟಿ ತೆಗೆದು, ಅವನ ಕಿವಿಯ ಹತ್ತಿರ ಹಿಡಿದು ಮುರಿದೆ. "ಈ ಸಪ್ಪಳ ನಿಮ್ಮ ರೊಟ್ಟಿಗಿ ಬರ್ತದೇನ್ರೀ ಸಾವಕಾರ್ರ?" ಬುಟ್ಟಿ ಅಲ್ಲೇ ಖಾಲಿಯಾಯಿತು. ನಾನು ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದೆ. ಧೈರ್ಯವಿದ್ದವನು ನೀನು, ಇಲ್ಲವೆನ್ನುವುದಿಲ್ಲ. ಇಬ್ಬರು ತಂಗಿಯರ ಮದುವೆ ಮಾಡಿದೆ, ಮನೆ ಕಟ್ಟಿಸಿದೆ, ಓಣಿಯ ಹನ್ನೊಂದು ಹೆಂಗಸರಿಗೆ ಒಲೆ ಹಾಕಿಕೊಟ್ಟೆ. ಬಿ.ಎ. ಅರ್ಧಕ್ಕೆ ಬಿಟ್ಟು ಬಂದ ತಮ್ಮನಿಗೂ ಬಾಗಿಲ ಬಳಿ ಒಂದು ಕುರ್ಚಿ ಹಾಕಿಕೊಟ್ಟೆ.

ಆದರೆ ಆ ಒಲೆಗಳು! ತಗಡಿನ ಶೆಡ್ಡು, ಒಂದೇ ಕಿಟಕಿ, ಎಲ್ಲ ಒಲೆಗೂ ತೊಗರಿ ಕಟ್ಟಿಗೆ. ಗ್ಯಾಸ್ ಹಾಕಿಸು ಎಂದವರಿಗೆಲ್ಲ ನಿನ್ನದು ಒಂದೇ ಮಾತು: "ಗ್ಯಾಸಿನ ರೊಟ್ಟಿ ಅಂದ್ರ ದವಾಖಾನಿ ರೊಟ್ಟಿ. ಹೊಗಿ ಇಲ್ಲಂದ್ರ ರುಚಿ ಎಲ್ಲಿಂದ ಬರ್ತದ?" ಬೆಳಗ್ಗೆ ಒಂದೊಂದು ಹಂಚಿನಿಂದಲೂ ಒಂದೊಂದು ರೊಟ್ಟಿ ಎತ್ತಿ ಮೂಸಿ ನೋಡುತ್ತಿದ್ದೆ. ರೊಟ್ಟಿ ಮೂಸಿದೆ, ಬಡಿಯುವವಳ ಕಣ್ಣು ಯಾಕೆ ಕೆಂಪಾಗಿದೆ ಎಂದು ಒಮ್ಮೆಯಾದರೂ ನೋಡಿದೆಯಾ? ನಡುವಿನ ಒಲೆ ನೀಲಮ್ಮನದು. ಅವಳು ಕೆಮ್ಮಿದರೆ ಹಿಟ್ಟು ಹಾರುತ್ತಿತ್ತು. "ನೀಲವ್ವ, ಮಾರಿ ಆ ಕಡಿ ಮಾಡವ್ವ" ಎನ್ನುತ್ತಿದ್ದೆ. ಮುಖ ಆ ಕಡೆಗಂತೆ! ನಾನು? ನಾನು ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದೆ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ನೀನು ನನ್ನ ತಾಟಿನ ಕಡೆ ನೋಡಿ, "ಲೇ ಮಲ್ಲು, ನೀಲವ್ವನ ಕೈ ನಿಂತ್ರ ನಿನ್ನ ಯಾರ್ ಕೇಳ್ತಾರೋ?" ಎಂದೆ. ಹೆಂಗಸರೆಲ್ಲ ನಕ್ಕರು. ಎರಡನೇ ಒಲೆಯ ಕಾಸಿಂಬಿಯಂತೂ, "ಸಾಹೇಬ್ರಿಗಿ ಇಂಗ್ಲಿಷ್ ಬರ್ತದಲ್ರೀ, ಅದನ್ನೇ ತಿಂತಾರ ಬಿಡ್ರಿ" ಎಂದಳು. ನೀಲಮ್ಮ ನಗಲಿಲ್ಲ. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಿನಗೆ ಆ ಮಾತು ಸಂಜೆಗೇ ಮರೆತಿರಬೇಕು. ನನಗೆ...

ಅವಳಿಗೆ ಏದುಸಿರು ಹೆಚ್ಚಾದಾಗ ಜೀಪಿನಲ್ಲಿ ಕಲಬುರಗಿಯ ದವಾಖಾನೆಗೆ ಕರೆದೊಯ್ದವನು ನೀನೇ. ನೀನು ಹೊರಗೆ ಬೇವಿನ ನೆರಳಲ್ಲಿ ನಿಂತೆ. ಒಳಗೆ ನಾನು ಡಾಕ್ಟರ ಮುಂದೆ ನನ್ನ ದೊಡ್ಡಸ್ತಿಕೆ ತೋರಿಸಿದೆ. "ಡಾಕ್ಟರ್, ಶೀ ಈಸ್ ಸಫರಿಂಗ್ ಫ್ರಮ್ ಕಾಫ್ ಸಿನ್ಸ್ ಟೂ ಇಯರ್ಸ್." ಪಾಪ, ಆ ಮನುಷ್ಯ ನನ್ನನ್ನು ಕಲಿತವನೆಂದು ನಂಬಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿದ. ಲಂಗ್ಸ್ ಹಾಳಾಗಿವೆ, ಇವತ್ತಿನಿಂದಲೇ ಹೊಗೆ ಬಿಡಿಸಿ, ಇಲ್ಲದಿದ್ದರೆ ಶೀ ವಿಲ್ ನಾಟ್ ಲಾಸ್ಟ್, ಹೆಚ್ಚು ದಿನ ಉಳಿಯುವುದಿಲ್ಲ. ನೀಲಮ್ಮ ಒಮ್ಮೆ ಅವನ ತುಟಿ, ಒಮ್ಮೆ ನನ್ನ ತುಟಿ ನೋಡುತ್ತ ಕುಳಿತಿದ್ದಳು. "ಏನಂದ್ರು ಹೇಳ್ರಿ" ಎಂದಳು.

"ರಕ್ತ ಕಮ್ಮಿ ಅದಂತ" ಎಂದೆ.

ನಿನಗೂ ಅದನ್ನೇ ಹೇಳಿದೆ, ಅಣ್ಣಾ. "ಖರ್ಜೂರ ತಿನ್ನಿಸ್ರಿ ಅಂದಾರ." ನೀನು ಸೀದಾ ಶರಣಬಸವೇಶ್ವರ ಗುಡಿಯ ಕಡೆ ಜೀಪು ತಿರುಗಿಸಿ ಎರಡು ಕಿಲೋ ಕಟ್ಟಿಸಿದೆ. ಆಮೇಲೆ ಅವಳು ಸಾಯುವ ತನಕ ವಾರ ವಾರ ತಂದೆ. ಅವಳು ಬೀಜ ಉಗುಳಿ ಮತ್ತೆ ಒಲೆ ಊದಲು ಕೂರುತ್ತಿದ್ದಳು.

ಯಾಕೆ ಹಾಗೆ ಹೇಳಿದೆ? ನಿನ್ನ ಹೆದರಿಕೆಗಲ್ಲ. ನಿಜ ಹೇಳಿದ್ದರೆ ನೀನು ಅವಳನ್ನು ಆ ದಿನವೇ ಒಲೆಯ ಮುಂದಿನಿಂದ ಎಬ್ಬಿಸುತ್ತಿದ್ದೆ. ಕಾಸಿಂಬಿಯ ಕೈ ಸುಟ್ಟಾಗ ಅವಳನ್ನು ರೊಟ್ಟಿ ಕಟ್ಟುವ ಕೆಲಸಕ್ಕೆ ಕೂರಿಸಿದವನು ನೀನು. ನನಗೆ ಅದು ಗೊತ್ತಿತ್ತು. ನೀಲಮ್ಮ ಒಲೆ ಬಿಟ್ಟು ಎದ್ದರೆ ಆ ಮನೆಯಲ್ಲಿ ನಾನು ಯಾವ ಮುಖದಿಂದ ಉಣ್ಣಲಿ? ಇಷ್ಟೇ ಇದ್ದದ್ದು. ಹೆಂಗಸರು ಮತ್ತೊಮ್ಮೆ ನಗಬಾರದು ಎಂದು ನಾನು ಹೆಂಡತಿಯನ್ನು ಹೊಗೆಗೆ ಕೊಟ್ಟೆ.

ನೀಲಮ್ಮನನ್ನು ಮಣ್ಣು ಮಾಡಿದ ದಿನ ನನ್ನ ಮಗಳು ಸುನಂದಾ ಊರೆಲ್ಲ ಕೇಳುವಂತೆ ನಿನಗಂದಳು: "ದೊಡ್ಡಪ್ಪಾ, ನಿಮ್ಮ ಹೊಗಿನೇ ನಮ್ಮವ್ವನ್ನ ತಿಂತು." ನೀನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತೆ. ಮರುದಿನ ನನ್ನ ಭುಜ ಹಿಡಿದು ಕೇಳಿದೆ, "ಮಲ್ಲು, ಡಾಕ್ಟರ ಹೊಗಿ ಬಗ್ಗೆ ಏನರ ಅಂದಿದ್ದನೇನೋ?" ಇಲ್ಲ ಎಂದೆ. ಆ ವಾರವೇ ನೀನು ಎಲ್ಲ ಒಲೆ ಒಡೆಸಿ ಗ್ಯಾಸ್ ಹಾಕಿಸಿದೆ. ರೊಟ್ಟಿ ಒಯ್ಯುವವರಲ್ಲಿ ಒಬ್ಬನಾದರೂ ರುಚಿ ಕೆಟ್ಟಿತು ಎಂದನೇ? ಒಬ್ಬನೂ ಅನ್ನಲಿಲ್ಲ.

ಸುನಂದಾ ಮತ್ತೆ ಕಮಲಾಪುರಕ್ಕೆ ಕಾಲಿಡಲಿಲ್ಲ. ನಿನ್ನ ಮಣ್ಣಿಗೂ ಬರಲಿಲ್ಲ. ನಾನೀಗ ಕುಸನೂರಿನಲ್ಲಿ ಅವಳ ಮನೆಯಲ್ಲೇ ಇದ್ದೇನೆ. ನಿನ್ನನ್ನು ಬೈಯುತ್ತ ನನಗೆ ಬಡಿಸುತ್ತಿದ್ದಳು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಇವತ್ತು ಬೆಳಗ್ಗೆ ಶಿವು ಕಳಿಸಿದ ಪುಣ್ಯಸ್ಮರಣೆಯ ಪತ್ರಿಕೆಯನ್ನು ಅವಳು ಹರಿಯಲು ಹೋದಳು. "ಹರೀಬ್ಯಾಡವ್ವ" ಎಂದೆ. ಒಮ್ಮೆ ಬಾಯಿ ತೆರೆದದ್ದೇ ತಡ, ಎಲ್ಲ ಬಂತು. ಡಾಕ್ಟರ ಇಂಗ್ಲಿಷು, ನನ್ನ ಸುಳ್ಳು, ಎಲ್ಲ. ಅವಳು ಅಳಲಿಲ್ಲ. ಪತ್ರಿಕೆಯನ್ನು ಮಡಿಸುತ್ತ, "ಹಂಗಾದ್ರ ದೊಡ್ಡಪ್ಪನ ಮಣ್ಣಿಗಿ ನಾ ಯಾಕ ಹೋಗಲಿಲ್ಲಪ್ಪಾ?" ಎಂದಳು.

ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಹೇಳಿದಳು: "ನಾ ಕಮಲಾಪುರಕ್ಕ ಹೊಂಟೀನಿ. ನಾಳಿಗಿ ಬಂದು ಎಲ್ಲಾರ ಮುಂದ ಹೇಳು. ಹೇಳಲಿಲ್ಲಂದ್ರ ಈ ಮನಿಗಿ ಬರಬ್ಯಾಡ."

ನಿನಗೆ ಗೊತ್ತಿಲ್ಲದ ಸುದ್ದಿ ಇದು, ಅಣ್ಣಾ. ಈ ಹೊತ್ತಿಗೆ ಅವಳು ನಿನ್ನ ಸಮಾಧಿಯ ಹತ್ತಿರ ಕುಳಿತಿರಬಹುದು. ನಾಳೆ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ನಾಲ್ಕು ಮಾತು ಕೇಳಿದ್ದಾನಲ್ಲ ಶಿವು, ಆಡುತ್ತೇನೆ. ಹೇಳದಿದ್ದರೆ ಬರಬೇಡ ಎಂದಳು ಸುನಂದಾ. ಹೇಳಿದರೆ ಬಾ ಎನ್ನಲಿಲ್ಲ. ಅದು ಈಗ, ಬರೆಯುತ್ತಿರುವಾಗಲೇ ತಲೆಗೆ ಹೊಳೆಯಿತು. ಆದರೂ ಬರುತ್ತೇನೆ, ಹೇಳುತ್ತೇನೆ. ಮತ್ತೆ... ಬೆಳಕು ಹೋಗುತ್ತಿದೆ, ಅಣ್ಣಾ. ಅಕ್ಷರ ಕಾಣಿಸುತ್ತಿಲ್ಲ.